ಸಹಿ ಒಂದೇ ಥರ ಇದ್ದರೆ ಸಾಕೇ?

"ನೋಡಿ ಸಾರ್, ಎರಡೂ ಸಹಿ ಅಚ್ಚು ಒತ್ತಿದ ಹಾಗೆ ಒಂದೇ ಥರ ಇವೆ" ಎಂದು ಕಕ್ಷಿದಾರರು ಕಾಗದ ಮುಂದಿಟ್ಟಾಗ ನನಗೆ ಅನುಮಾನವೇ ಜಾಸ್ತಿಯಾಗುತ್ತದೆ. ಮನುಷ್ಯರು ಯಂತ್ರದ ಹಾಗೆ ಬರೆಯುವುದಿಲ್ಲ. ಒಬ್ಬರದೇ ಸಹಿಯಾದರೂ ಪ್ರತಿ ಸಲ ಸ್ವಲ್ಪ ಬದಲಾಗುತ್ತದೆ. ಗೆರೆಗೆ ಗೆರೆ ಕೂತರೆ ಅಸಲಿ ಸಹಿಯ ಮೇಲೆ ಕಾಗದವಿಟ್ಟು ತಿದ್ದಿರಬಹುದು.

ಅಮೆರಿಕದಲ್ಲಿ ಸಿಲ್ವಿಯಾ ಆ್ಯನ್ ಹೌಲ್ಯಾಂಡ್ ಎಂಬುವರ ವಿಲ್ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಆಕೆಯ 42 ಸಹಿಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ನೋಡಿಸಿದರು. ಒಂದು ಸಹಿಯಲ್ಲಿ ಮೇಲಿಂದ ಕೆಳಕ್ಕೆ ಎಳೆದ ಗೆರೆಗಳು 30. ಸಾಮಾನ್ಯ ಜೋಡಿಗಳಲ್ಲಿ ಸರಾಸರಿ ಐದರಲ್ಲಿ ಒಂದು ಗೆರೆ ಹೊಂದುತ್ತಿತ್ತು. ವಿವಾದದ ಜೋಡಿಯಲ್ಲಿ 30ಕ್ಕೆ 30 ಹೊಂದಿದ್ದವು! ಆದರೆ 1868ರಲ್ಲಿ ಕೋರ್ಟು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ದಾವೆ ಹೂಡಿದ್ದ ಹೌಲ್ಯಾಂಡ್ ಅವರ ಸೋದರಿಯ ಮಗಳ ಸಾಕ್ಷ್ಯವನ್ನೇ ಒಪ್ಪಲು ಬರುವುದಿಲ್ಲ ಎಂಬ ಕಾರಣಕ್ಕೆ ಪ್ರಕರಣ ಬಿದ್ದುಹೋಯಿತು. ಗೆರೆಗಳ ಲೆಕ್ಕಕ್ಕಿಂತ ಸಾಕ್ಷಿಯ ಪ್ರಶ್ನೆಯೇ ದೊಡ್ಡದಾಯಿತು.

ಬರವಣಿಗೆ ತಜ್ಞರು ಆಕಾರಕ್ಕಿಂತ ಓಟವನ್ನು ನೋಡುತ್ತಾರೆ. ನಕಲು ಮಾಡುವವನು ನಿಧಾನಕ್ಕೆ ಚಿತ್ರ ಬಿಡಿಸುತ್ತಾನೆ. ಅದಕ್ಕೇ ಗೆರೆ ನಡುಗುತ್ತದೆ, ಬೇಡದ ಕಡೆ ಪೆನ್ನು ನಿಂತಿರುತ್ತದೆ, ಒತ್ತಡದಲ್ಲಿ ಏರಿಳಿತ ಇರುವುದಿಲ್ಲ. ವಯಸ್ಸಾದವರ, ಕಾಯಿಲೆಯವರ ಕೈಯೂ ನಡುಗುತ್ತದೆ, ಅಲ್ವಾ? ಹಾಗಾಗಿ ಹೋಲಿಸಲು ಅದೇ ಕಾಲದ ಸಹಿಗಳು ಬೇಕು: ಹಳೆಯ ಪತ್ರ, ಬ್ಯಾಂಕಿನ ಅರ್ಜಿ, ರಸೀದಿ. ವ್ಯಾಜ್ಯ ಶುರುವಾದ ಮೇಲೆ ಮಾಡಿಸಿದ ಸಹಿಯಲ್ಲಿ ಬೇಕೆಂದೇ ಬೇರೆ ಥರ ಬರೆಯುವ ಅಪಾಯವಿದೆ. ಮೂಲ ಪ್ರತಿ ಕಳೆದುಕೊಳ್ಳಬೇಡಿ. ಜೆರಾಕ್ಸ್‌ನಲ್ಲಿ ಪೆನ್ನಿನ ಒತ್ತಡದ ಗುರುತು ಉಳಿಯುವುದಿಲ್ಲ.

ಇಷ್ಟಾಗಿಯೂ ನನಗೆ ಹೆಚ್ಚು ಭಯ ಹುಟ್ಟಿಸುವುದು ನಕಲಿ ಸಹಿಯಲ್ಲ, ಅಸಲಿ ಸಹಿ ಇರುವ ನಕಲಿ ಪತ್ರ. ಕೊನೆಯ ಪುಟದಲ್ಲಿ ಮಾತ್ರ ಸಹಿ ಇದ್ದರೆ ನಡುವಿನ ಪುಟ ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಎಲ್ಲ ಪುಟಕ್ಕೂ ಸಹಿ ಮಾಡಿ. "5ರಲ್ಲಿ 2ನೇ ಪುಟ" ಎಂದು ನಮೂದಿಸಿ. ಕಾಟು ಹೊಡೆದು ತಿದ್ದಿದ ಕಡೆಗೂ ಸಹಿ ಇರಲಿ. ಖಾಲಿ ಕಾಗದಕ್ಕೆ ಮಾತ್ರ ಯಾರೇ ಕೇಳಿದರೂ ಸಹಿ ಹಾಕಬೇಡಿ.

ಸಾಕ್ಷಿಗಳನ್ನು ಯೋಚಿಸಿ ಆರಿಸಿ. ಎಷ್ಟು ಜನ ಬೇಕು ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಆದರೆ ಆ ಪತ್ರದಿಂದ ಲಾಭವಿಲ್ಲದವರು, ಸಹಿ ಮಾಡಿದ್ದನ್ನು ಕಣ್ಣಾರೆ ನೋಡಿದವರು, ವರ್ಷಗಳ ನಂತರವೂ ಹುಡುಕಿದರೆ ಸಿಗುವವರು ಆಗಿರಬೇಕು. ಸುಮ್ನೆ ಆಮೇಲೆ ಬಂದು ಸಹಿ ಹಾಕಿಹೋದ ಸಾಕ್ಷಿ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಡಿಜಿಟಲ್ ಸಹಿಯ ಕಥೆ ಬೇರೆ. ಸಹಿಯ ಫೋಟೋ ಅಂಟಿಸಿದರೆ ಅದು ಡಿಜಿಟಲ್ ಸಹಿ ಆಗುವುದಿಲ್ಲ. ನಿಜವಾದ ಡಿಜಿಟಲ್ ಸಹಿ ಇಡೀ ಕಡತದಿಂದ ಲೆಕ್ಕ ಹಾಕಿದ ಗುರುತಿಗೆ ಗುಟ್ಟಿನ ಕೀಲಿಯಿಂದ ಹಾಕಿದ ಮುದ್ರೆ. ಆಮೇಲೆ ಒಂದು ಅಲ್ಪವಿರಾಮ ಬದಲಾದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಆದರೆ ಆ ಕೀಲಿ ಬೇರೆಯವರ ಕೈಯಲ್ಲಿದ್ದರೆ ಅವರು ಮಾಡಿದ ಸಹಿಯೂ ನಿಮ್ಮದೇ ಎಂದು ಕಾಣುತ್ತದೆ. ಪ್ರಿಂಟ್ ತೆಗೆದ ಕಾಗದದಲ್ಲಿ ಇದನ್ನೆಲ್ಲ ಪರೀಕ್ಷಿಸಲು ಬರುವುದಿಲ್ಲ. ಹಾಗಾಗಿ ಮೂಲ ಕಡತವನ್ನೇ ಜೋಪಾನ ಮಾಡಿ, ಕೋರ್ಟಿಗೂ ಅದನ್ನೇ ಕೊಡಿ.