ಶಿಶು ಭವನಕ್ಕೆ ದುಡ್ಡು ಬರುವ ದಾರಿ

ಮದರ್ ತೆರೇಸಾ ಕೋಲ್ಕತ್ತದಲ್ಲಿ ಕಟ್ಟಿದ ಅನಾಥಾಲಯ ಶಿಶು ಭವನದ ಮಗುವೊಂದರ ಹಾಲಿಗೆಂದು ಇಟಲಿಯ ಅಜ್ಜಿಯೊಬ್ಬರು ಹಣ ಕಳುಹಿಸುತ್ತಾರೆ ಎಂದುಕೊಳ್ಳಿ. ಅದು ನೇರವಾಗಿ ಕೋಲ್ಕತ್ತಕ್ಕೆ ಹೋಗುವಂತಿಲ್ಲ. ಮೊದಲು ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಇಳಿಯಬೇಕು. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ದೇಶದ ಯಾವ ಮೂಲೆಯ ಸಂಸ್ಥೆಗಾದರೂ ವಿದೇಶಿ ದೇಣಿಗೆ ಬರುವ ಬಾಗಿಲು ಇದೊಂದೇ.

ಈ ಶಿಶು ಭವನ ಶುರುವಾದದ್ದು 1955ರಲ್ಲಿ. 1948ರಲ್ಲಿ ಲೊರೆಟೊ ಕಾನ್ವೆಂಟ್ ಬಿಟ್ಟು ಹೊರಬಂದ ಮದರ್ ತೆರೇಸಾ, ಎರಡು ವರ್ಷಗಳ ನಂತರ ಮಿಷನರೀಸ್ ಆಫ್ ಚಾರಿಟಿ ಎಂಬ ಸನ್ಯಾಸಿನಿಯರ ಸಂಸ್ಥೆ ಕಟ್ಟಿದ್ದರು. ಠೇವಣಿ ಇಟ್ಟು ಬಡ್ಡಿಯಲ್ಲಿ ಅನಾಥಾಲಯ ನಡೆಸುವ ಪದ್ಧತಿ ಅವರಿಗೆ ಒಗ್ಗಲಿಲ್ಲ. ತಲಾ ಮಗುವಿಗೆ ಇಷ್ಟೆಂದು ಬರುತ್ತಿದ್ದ ಸರ್ಕಾರಿ ಅನುದಾನವನ್ನೂ ಕೆಲಕಾಲ ಪಡೆದು, ಆಮೇಲೆ ಬೇಡವೆಂದರು. ನಾಳೆಗೆಂದು ಕೂಡಿಡಬಾರದು ಎಂಬ ಮಾತು ನಮ್ಮ ಶರಣರ ನಾಡಿಗೂ ಹೊಸದೇನಲ್ಲ. 1964ರಲ್ಲಿ ಮುಂಬೈಗೆ ಬಂದ ಪೋಪ್ ಆರನೇ ಪೌಲ್, ತಾವು ಓಡಾಡಿದ ಬಿಳಿಯ ಲಿಂಕನ್ ಕಾರನ್ನು ಅವರಿಗೆ ಕೊಟ್ಟುಹೋದರು. ಮದರ್ ಅದರಲ್ಲಿ ಕೂರಲಿಲ್ಲ. ಲಾಟರಿ ಎತ್ತಿಸಿ, ಬಂದ ಹಣವನ್ನು ಕುಷ್ಠರೋಗಿಗಳಿಗಾಗಿ ಕಟ್ಟಿದ ಶಾಂತಿನಗರ ಎಂಬ ವಸತಿಗೆ ಹಾಕಿದರು.

ಕೊಟ್ಟವರು ಯಾರೆಂದು ಕೇಳದ ಈ ಗುಣಕ್ಕೆ ಇನ್ನೊಂದು ಮುಖವೂ ಇತ್ತು. ಅಮೆರಿಕದಲ್ಲಿ ಸಾವಿರಾರು ಜನರ ಉಳಿತಾಯ ಮುಳುಗಿಸಿದ ಚಾರ್ಲ್ಸ್ ಕೀಟಿಂಗ್, ಮದರ್ ಅವರ ಸಂಸ್ಥೆಗೆ 12.5 ಲಕ್ಷ ಡಾಲರ್ ಕೊಟ್ಟಿದ್ದ. ಅವನ ಪರವಾಗಿ ಮದರ್ 1992ರಲ್ಲಿ ನ್ಯಾಯಾಧೀಶರಿಗೆ ಪತ್ರ ಬರೆದರು. ಅದು ಕದ್ದ ಹಣ, ಹಿಂದಿರುಗಿಸಿ ಎಂದು ಸರ್ಕಾರಿ ವಕೀಲರೊಬ್ಬರು ಬರೆದದ್ದಕ್ಕೆ ಉತ್ತರ ಬರಲಿಲ್ಲ. ಲೆಕ್ಕ ಕೇಳುವವರನ್ನೆಲ್ಲ ಧರ್ಮದ್ವೇಷಿಗಳೆನ್ನುವವರು ಈ ಪ್ರಸಂಗವನ್ನು ಮರೆಯುತ್ತಾರೆ.

ವಿದೇಶಿ ಹಣದ ಮೇಲಿನ ಕಾಯ್ದೆ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಮುಖ್ಯ ಆತಂಕ ರಾಜಕಾರಣಕ್ಕೆ ನುಸುಳುವ ಹಣದ್ದು. ಆದರೆ ಬಲೆಯೊಳಗೆ ಅನಾಥಾಲಯಗಳೂ ಬಂದವು. 2010ರ ಹೊಸ ಕಾಯ್ದೆ, ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂದಿತು. ಒಮ್ಮೆ ಕೊಟ್ಟ ನಂಬಿಕೆಗೆ ಅವಧಿ ನಿಗದಿಯಾದದ್ದು ಆಗ.

ಕೆಲವು ವರ್ಷಗಳ ನಂತರ ಮಕ್ಕಳ ವಿಷಯದಲ್ಲೂ ಸರ್ಕಾರದೊಡನೆ ತಿಕ್ಕಾಟ ಶುರುವಾಯಿತು. 2015ರ ದತ್ತು ನಿಯಮಗಳು ಒಂಟಿ ಪೋಷಕರಿಗೂ ಅವಕಾಶ ಕೊಟ್ಟಾಗ, ಅದು ತಮ್ಮ ನಂಬಿಕೆಗೆ ಒಪ್ಪದು ಎಂದು ಸಂಸ್ಥೆಯ ಭಗಿನಿಯರು ದತ್ತು ಕೊಡುವುದನ್ನೇ ನಿಲ್ಲಿಸಿದರು. ಮನೆಗಾಗಿ ಕಾಯುವ ಮಗುವಿನ ಕಡೆಯಿಂದ ನೋಡಿದರೆ ಈ ಹಟ ನನಗೆ ಸರಿ ಕಾಣುವುದಿಲ್ಲ. 2018ರಲ್ಲಿ ರಾಂಚಿಯಲ್ಲಿ ಸಂಸ್ಥೆ ನಡೆಸುತ್ತಿದ್ದ ಆಶ್ರಯಧಾಮ ನಿರ್ಮಲ ಹೃದಯದಲ್ಲಿ ಶಿಶು ಮಾರಾಟದ ಆರೋಪದ ಮೇಲೆ ಒಬ್ಬ ಭಗಿನಿ ಮತ್ತು ಒಬ್ಬ ಉದ್ಯೋಗಿಯ ಬಂಧನವಾಯಿತು. ಕೇಂದ್ರವು ದೇಶದಲ್ಲಿರುವ ಸಂಸ್ಥೆಯ ಮಕ್ಕಳ ಮನೆಗಳನ್ನೆಲ್ಲ ಪರಿಶೀಲಿಸುವಂತೆ ರಾಜ್ಯಗಳಿಗೆ ಹೇಳಿತು.

2021ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಗೃಹ ಸಚಿವಾಲಯ ಸಂಸ್ಥೆಯ ನೋಂದಣಿ ನವೀಕರಣದ ಅರ್ಜಿಯನ್ನು ತಿರಸ್ಕರಿಸಿತು. ‘ಪ್ರತಿಕೂಲ ಮಾಹಿತಿ’ ಇದೆ ಎಂದಿತೇ ಹೊರತು ಏನೆಂದು ಬಿಡಿಸಿ ಹೇಳಲಿಲ್ಲ. ಲೆಕ್ಕ ಕೇಳುವವರೂ ಲೆಕ್ಕ ಒಪ್ಪಿಸಬೇಕಲ್ಲವೇ! ಖಾತೆಗಳನ್ನು ಸರ್ಕಾರ ಸ್ಥಗಿತಗೊಳಿಸಿದೆ ಎಂದು ಮಮತಾ ಬ್ಯಾನರ್ಜಿ ಹೇಳಿದರು. ಇಲ್ಲ, ಸಂಸ್ಥೆಯೇ ಬ್ಯಾಂಕಿಗೆ ಹಾಗೆ ಕೋರಿತ್ತು ಎಂದಿತು ಸಚಿವಾಲಯ. ಜನವರಿಯಲ್ಲಿ ನೋಂದಣಿ ಮರಳಿ ಸಿಕ್ಕಿತು.

ಅದಕ್ಕೆ ಕೆಲವೇ ದಿನ ಮೊದಲು ಒಡಿಶಾದ ಆಗಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್, ತಮ್ಮ ರಾಜ್ಯದಲ್ಲಿ ಭಗಿನಿಯರು ನಡೆಸುವ 13 ಆಶ್ರಯಧಾಮಗಳಿಗೆ ಪರಿಹಾರ ನಿಧಿಯಿಂದ 78 ಲಕ್ಷ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದ್ದರು. ಮದರ್ ಒಮ್ಮೆ ಬೇಡವೆಂದಿದ್ದ ಸರ್ಕಾರಿ ಹಣ ಹೀಗೆ ಇನ್ನೊಂದು ದಾರಿಯಿಂದ ಒಳಗೆ ಬಂತು.