ತೀರ್ಪಿಗಿಂತ ಮೊದಲು ಆರ್ಡರ್ ಶೀಟ್

ಕ್ರಿಮಿನಲ್ ಅಪೀಲಿಗೆಂದು ಬರುವವರು ಮೊದಲು ಕೈಗಿಡುವುದು ತೀರ್ಪಿನ ನಕಲು. ನಾನು ಅದನ್ನು ಪಕ್ಕಕ್ಕಿಟ್ಟು ಕೆಳ ಕೋರ್ಟಿನ ಆರ್ಡರ್ ಶೀಟ್, ಅಂದರೆ ದಿನದಿನದ ಕಲಾಪದ ದಾಖಲೆ, ಕೇಳುತ್ತೇನೆ. ಆರೋಪಿಯನ್ನು ಯಾವತ್ತು ಹಾಜರುಪಡಿಸಿದರು, ಅವನ ಪರ ವಕೀಲರು ಇದ್ದರಾ, ಸಾಕ್ಷಿಗಳ ವಿಚಾರಣೆ ಎಷ್ಟು ಬೇಗ ಮುಗಿಯಿತು, ಎಲ್ಲವೂ ಅಲ್ಲೇ ಸಿಗುತ್ತದೆ.

ಆರೋಪಿಯ ಮನೆಯವರ ಮಾತು ಸಾಮಾನ್ಯವಾಗಿ ಒಂದೇ. 'ಸಾರ್, ಎರಡು ದಿನ ಠಾಣೆಯಲ್ಲೇ ಕೂರಿಸಿದ್ರು. ಕೇಸು ಬಿದ್ದುಹೋಗ್ಬೇಕಲ್ವಾ?' ಸಂವಿಧಾನದ 22ನೇ ವಿಧಿ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಮೀರಿದರೆ ಆ ಬಂಧನ ಅಕ್ರಮ, ಸರಿ. ಆದರೆ ಶಿಕ್ಷೆಯಾದ ಮೇಲೆ ಅದೊಂದನ್ನೇ ಹಿಡಿದು ಹೋದರೆ ಪೀಠ ಕೇಳುವುದು ಒಂದೇ: 'ಅದರಿಂದ ವಿಚಾರಣೆಗೆ ಏನು ಧಕ್ಕೆ ಆಯ್ತು?'

ಸುಮ್ನೆ ಕೇಳುವ ಪ್ರಶ್ನೆಯಲ್ಲ ಅದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 465ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 511, ಹೇಳುವುದೂ ಇದನ್ನೇ. ಲೋಪದಿಂದ ನ್ಯಾಯಕ್ಕೇ ಪೆಟ್ಟು ಬಿದ್ದಿದ್ದರೆ ಮಾತ್ರ ತೀರ್ಪು ಬದಲಾಗುತ್ತದೆ. ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತಾ ಅನ್ನುವುದನ್ನೂ ನೋಡುತ್ತಾರೆ. ಕೆಳಗೆ ಬಾಯಿ ಮುಚ್ಚಿ ಕೂತು ಮೇಲೆ ಬಂದು ಕೂಗುವವರಿಗೆ ಇಲ್ಲೇ ಕಷ್ಟ.

ವಕೀಲರಿಲ್ಲದ ವಿಚಾರಣೆಯ ಲೆಕ್ಕ ಬೇರೆ. 2012ರಲ್ಲಿ ಮುಂಬೈ ದಾಳಿಯ ಕಸಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. ಮೊದಲ ಸಲ ಹಾಜರುಪಡಿಸಿದಾಗ ವಕೀಲರನ್ನು ಕೊಡದಿದ್ದರೆ ಅದು ಮ್ಯಾಜಿಸ್ಟ್ರೇಟರ ಕರ್ತವ್ಯ ಲೋಪ, ಆದರೆ ಅಷ್ಟಕ್ಕೇ ವಿಚಾರಣೆ ಕೆಡುವುದಿಲ್ಲ. ವಿಚಾರಣೆ ಶುರುವಾದಾಗಲೂ ಕೊಡದಿದ್ದರೆ ಕೆಡುತ್ತದೆ.

ಹೆಸರಿಗೊಬ್ಬ ವಕೀಲರು ಇದ್ದರೆ ಸಾಕಾ? ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿದರು. ಎರಡು ವಾರದೊಳಗೆ ಮರಣದಂಡನೆಯ ತೀರ್ಪೂ ಬಂತು. ಕಡತ ಓದಲು, ಆರೋಪಿಯ ಜೊತೆ ಕೂತು ಮಾತಾಡಲು ಸಮಯವೆಲ್ಲಿತ್ತು? 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಮರಣದಂಡನೆ, ಜೀವಾವಧಿಯ ಸಾಧ್ಯತೆ ಇರುವ ಕೇಸುಗಳಿಗೆ ಕನಿಷ್ಠ 10 ವರ್ಷ ಅನುಭವದ ವಕೀಲರನ್ನೇ ಕೊಡಿ ಅಂದಿತು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಿ ಅಂತಲೂ ಹೇಳಿತು. ಗಮನಿಸಿ, ಸಿಕ್ಕಿದ್ದು ಮರುವಿಚಾರಣೆ, ಬಿಡುಗಡೆಯಲ್ಲ. ಜಾಸ್ತಿ ಕಕ್ಷಿದಾರರು ಬೇಸರ ಪಡುವುದು ಇಲ್ಲೇ.

 

ಹಾಗಾಗಿ ನನ್ನ ಹತ್ತಿರ ಬರುವಾಗ ಸಾಕ್ಷಿ ಹೇಳಿಕೆಗಳ ನಕಲೂ ಇರಲಿ. ಪ್ರತ್ಯಕ್ಷದರ್ಶಿಯ ಹೇಳಿಕೆಯ ಕೊನೆಗೆ 'ಪಾಟೀ ಸವಾಲು: ಇಲ್ಲ' ಎಂದಿದ್ದರೆ, ಅಂದರೆ ಆರೋಪಿಯ ಪರವಾಗಿ ಆ ಸಾಕ್ಷಿಗೆ ಯಾರೂ ಪ್ರಶ್ನೆ ಹಾಕಿಲ್ಲದಿದ್ದರೆ, ಅಲ್ಲೊಂದು ಗುರುತು ಹಾಕಿಕೊಳ್ಳುತ್ತೇನೆ. ಅವತ್ತಿನ ಆರ್ಡರ್ ಶೀಟಿನಲ್ಲಿ ವಕೀಲರ ಹಾಜರಿ ಇದೆಯಾ ಅಂತ ಆಮೇಲೆ ತಾಳೆ ನೋಡುತ್ತೇನೆ. ಇಲ್ಲದಿದ್ದರೆ ಅಪೀಲಿನ ಮೊದಲ ಆಧಾರ ಅದೇ.