ದುರ್ಯೋಧನ ಬಂದಳು

ತುಮಕೂರಿನಿಂದ ಗುಬ್ಬಿಗೆ ಹೊರಟಿದ್ದ ಬಸ್ಸಿಗೆ ಎಮ್ಮೆಯೊಂದು ಅಡ್ಡ ಬಂದಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಹಿಂದಿರುಗಿ ಯಾರಿಗೂ ಪೆಟ್ಟಾಗಿಲ್ಲವೆಂದು ನೋಡಿಕೊಂಡು ನಿಟ್ಟುಸಿರು ಬಿಟ್ಟಳು.

ಈ ವಾಕ್ಯದ ಕೊನೆಯ ಅಕ್ಷರದ ಬಳಿ ಓದುಗರ ಕಣ್ಣು ಒಮ್ಮೆ ತಡವರಿಸಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಗಂಡೋ ಹೆಣ್ಣೋ ಎಂಬುದು ಆ ಕ್ರಿಯಾಪದದ ತುದಿಯಲ್ಲಿ ಕುಳಿತಿರುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಮನಸ್ಸು ತನ್ನಷ್ಟಕ್ಕೆ ತಾನೇ ಒಬ್ಬ ಗಂಡಸನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಅವನಿಗೆ ಖಾಕಿ ಅಂಗಿ ತೊಡಿಸಿ, ಬಹುಶಃ ಮೀಸೆಯನ್ನೂ ಅಂಟಿಸಿ ಆಗಿರುತ್ತದೆ. 'ಳು' ಎಂಬ ಒಂದೇ ಅಕ್ಷರ ಬಂದು ಅಷ್ಟನ್ನೂ ಕಳಚಿಸುತ್ತದೆ. ದಶಕಗಳ ಕಾಲ ಗಂಡಸರೇ ಮಾಡಿಕೊಂಡು ಬಂದ ಟಿವಿ ಪಾತ್ರವೊಂದಕ್ಕೆ ಹೆಣ್ಣನ್ನು ಆರಿಸಿದಾಗ ಅಭಿಮಾನಿಗಳಲ್ಲಿ ಏಳುವ ಗದ್ದಲವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಒಂದು ಅಕ್ಷರದ ತಡವರಿಕೆಯಿಂದಲೇ ಹೊರಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ತಡವರಿಕೆಯನ್ನು ಅಳೆಯಲು ಬರುತ್ತದೆ. ನೆತ್ತಿಯ ಮೇಲೆ ವಿದ್ಯುದ್ವಾರಗಳನ್ನಿಟ್ಟು, ವಾಕ್ಯವನ್ನು ಪದಪದವಾಗಿ ತೋರಿಸುತ್ತ, ಮೆದುಳಿನ ವಿದ್ಯುತ್ತಿನ ಏರಿಳಿತವನ್ನು ಬರೆದುಕೊಳ್ಳುವುದು ಇದರ ವಿಧಾನ. ಅರ್ಥಕ್ಕೆ ಹೊಂದದ ಪದ ಎದುರಾದಾಗ ಸುಮಾರು 400 ಮಿಲಿಸೆಕೆಂಡುಗಳಿಗೆ ಒಂದು ಋಣ ಅಲೆ ಏಳುತ್ತದೆಂದು 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ತೋರಿಸಿದರು. 1997ರಲ್ಲಿ ಲೀ ಆಸ್ಟರ್‌ಹೌಟ್ ಮತ್ತು ಸಂಗಡಿಗರು ಬೇರೆ ಬಗೆಯ ವಾಕ್ಯಗಳನ್ನು ತೆಗೆದುಕೊಂಡರು. ವೃತ್ತಿಯ ಹೆಸರು ಗಂಡಸನ್ನು ನೆನಪಿಗೆ ತರುತ್ತದೆ, ಮುಂದೆ ಬರುವ ಸರ್ವನಾಮ ಹೆಂಗಸು ಎನ್ನುತ್ತದೆ. ಅಥವಾ ಅದರ ತಿರುವುಮುರುವು. ಅಂಥ ಸರ್ವನಾಮ ಕಂಡಾಗ ಸುಮಾರು 600 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಒಂದು ಧನ ಅಲೆ ಏಳುತ್ತಿತ್ತು, ಮತ್ತು ಅದು ವ್ಯಾಕರಣದ ತಪ್ಪು ಕಂಡಾಗ ಏಳುವ ಅಲೆಯ ಜಾತಿಯದೇ ಆಗಿತ್ತು. ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದ್ದು ಅದರ ಮುಂದಿನ ಭಾಗ: ವಾಕ್ಯ ಸರಿಯಾಗಿಯೇ ಇದೆ ಎಂದು ಒಪ್ಪಿಕೊಂಡಾಗಲೂ ಈ ಅಲೆ ಏಳುತ್ತಿತ್ತು, ಅದೂ ಹೆಂಗಸರಲ್ಲಿ ಗಂಡಸರಿಗಿಂತ ಎತ್ತರವಾಗಿ. ಅಂದರೆ ಬುದ್ಧಿ 'ಇದರಲ್ಲಿ ತಪ್ಪಿಲ್ಲ' ಎಂದು ತೀರ್ಪು ಕೊಡುವ ಮೊದಲೇ ಮೆದುಳು ಒಮ್ಮೆ ಬೆಚ್ಚಿರುತ್ತದೆ. ಆ ಬೆಚ್ಚುವಿಕೆಗೆ ದ್ವೇಷ ಬೇಕಿಲ್ಲ, ಗಂಡಸಾಗಿರಬೇಕೆಂಬುದೂ ಇಲ್ಲ.

ಮೆದುಳು ಹೀಗೇಕೆ ಬೆಚ್ಚುತ್ತದೆ? ಅದು ಬಂದದ್ದನ್ನು ಬಂದಂತೆ ಸ್ವೀಕರಿಸುತ್ತ ಕುಳಿತಿರುವ ಅಂಗವಲ್ಲ, ಮುಂದೆ ಬರುವುದನ್ನು ಮೊದಲೇ ಊಹಿಸಿ ಸಿದ್ಧವಾಗಿರುವ ಅಂಗ. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಗಮನಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಾತ್ರಧಾರಿ ಕಂದಪದ್ಯದ ಸಾಲನ್ನು ಎತ್ತುವ ಮುನ್ನವೇ ಮೇಷ್ಟ್ರ ಬೆರಳು ಮುಂದಿನ ಸ್ವರದ ಮೇಲೆ ಹೋಗಿ ಕುಳಿತಿರುತ್ತದೆ. ಪಾತ್ರಧಾರಿ ಬೇರೆ ಸ್ವರ ಹಿಡಿದಾಗ ಮಾತ್ರ ಅವರು ತಲೆಯೆತ್ತಿ ನೋಡುತ್ತಾರೆ. ಕರೆಂಟು ಹೋದ ರಾತ್ರಿ ಮಹಡಿಯಿಂದ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು, ನೆಲವೇ ಸಿಕ್ಕಿದಾಗ ಮೈಯೆಲ್ಲ ಜುಮ್ಮೆನ್ನುವುದು ಇದೇ. ಮಜ್ಜಿಗೆಯೆಂದು ಲೋಟ ಎತ್ತಿ ಕುಡಿದಾಗ ಹಾಲು ಬಾಯಿಗೆ ಬಂದರೆ, ಹಾಲು ಎಷ್ಟೇ ಚೆನ್ನಾಗಿದ್ದರೂ ಒಂದು ಗಳಿಗೆ ಉಗುಳಬೇಕೆನಿಸುವುದೂ ಇದೇ. ಈ ಕೊನೆಯ ಹೋಲಿಕೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಾಲು ಕೆಟ್ಟಿರಲಿಲ್ಲ. ಕೆಟ್ಟದ್ದು ನಮ್ಮ ಊಹೆ. ಆದರೆ ನಾಲಿಗೆ ದೂರು ಹೇಳುವುದು ಹಾಲಿನ ಮೇಲೆ.

ಈ ತಪ್ಪು ದೂರಿನ ಅತ್ಯಂತ ಸುಂದರವಾದ ಪ್ರಯೋಗ 1949ರದ್ದು. ಜೆರೋಮ್ ಬ್ರೂನರ್ ಮತ್ತು ಲಿಯೊ ಪೋಸ್ಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 28 ವಿದ್ಯಾರ್ಥಿಗಳಿಗೆ ಇಸ್ಪೀಟು ಎಲೆಗಳನ್ನು ಕ್ಷಣಾರ್ಧದ ಕಾಲ ತೋರಿಸಿ ಯಾವ ಎಲೆಯೆಂದು ಕೇಳಿದರು. ಎಲೆಗಳ ನಡುವೆ ಕೆಲವು ಬಣ್ಣ ಅದಲುಬದಲಾದವು ಇದ್ದವು: ಕಪ್ಪು ಆಟಿನ್, ಕೆಂಪು ಇಸ್ಪೇಟ್. ಮಾಮೂಲಿ ಎಲೆಗಳನ್ನು ಗುರುತಿಸಲು ಸರಾಸರಿ 28 ಮಿಲಿಸೆಕೆಂಡು ಸಾಕಾದರೆ ಬಣ್ಣ ಬದಲಾದವಕ್ಕೆ 114 ಮಿಲಿಸೆಕೆಂಡು ಬೇಕಾಯಿತು. ಹಲವರು ಕಪ್ಪು ಆಟಿನ್ ಎಲೆಯನ್ನು ನೋಡಿಯೂ ಕಾಣದವರಂತೆ, ಒಂದಿಷ್ಟೂ ಅನುಮಾನಪಡದೆ ಕೆಂಪೆಂದೇ ಹೇಳಿಬಿಟ್ಟರು. ಕೆಲವರಿಗೆ ಕೆಂಪು ಇಸ್ಪೇಟ್ ಎಲೆ ನೇರಳೆಯಾಗಿಯೋ ಕಂದಾಗಿಯೋ ಕಂಡಿತು. ಕಣ್ಣು ಹೇಳುವುದಕ್ಕೂ ರೂಢಿ ಹೇಳುವುದಕ್ಕೂ ನಡುವೆ ಮೆದುಳು ಮಾಡಿಸಿದ ರಾಜಿ ಅದು. ಇನ್ನು ಕೆಲವರು ಏನು ನೋಡುತ್ತಿದ್ದೇವೆಂದೇ ತಿಳಿಯದೆ ಕಸಿವಿಸಿಗೊಂಡರು. ಆದರೆ ಅಂಥ ಎಲೆ ಇರಬಹುದೆಂದು ಒಂದೆರಡು ಸಲ ಗೊತ್ತಾದವರು ಮುಂದಿನವುಗಳನ್ನು ಬಹಳ ಬೇಗ ಗುರುತಿಸತೊಡಗಿದರು.

ಬ್ರಿಟನ್ನಿನ ಅಭಿಮಾನಿಗಳಿಗೆ ಇಂಥದೊಂದು ಕೆಂಪು ಇಸ್ಪೇಟ್ ಎಲೆಯನ್ನು ಬಿಬಿಸಿ ತೋರಿಸಿದ್ದು 2017ರ ಜುಲೈ 16ರಂದು, ವಿಂಬಲ್ಡನ್ ಪುರುಷರ ಫೈನಲ್ ಮುಗಿದ ಕೂಡಲೇ. 1963ರ ನವೆಂಬರ್ 23ರಂದು ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ಹದಿಮೂರನೆಯ ಡಾಕ್ಟರ್ ಆಗಿ ನಟಿ ಜೋಡಿ ವಿಟೇಕರ್ ಬರುತ್ತಾರೆಂದು ಅಂದು ಪ್ರಕಟವಾಯಿತು. ಈ ಕಥೆಯ ನಾಯಕನಾದ 'ಡಾಕ್ಟರ್' ಭೂಮಿಯವನೇ ಅಲ್ಲ, ಸಾಯುವ ಹೊತ್ತಿಗೆ ಮೈ ಬದಲಿಸಿಕೊಂಡು ಮತ್ತೊಬ್ಬನಾಗಿ ಏಳಬಲ್ಲವನು. ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ, ಧಾರಾವಾಹಿಯನ್ನು ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ ಅದು. ಅದರ ಹುಟ್ಟಿಗೆ ಮುಖ್ಯ ಕಾರಣರಾದ ಸಿಡ್ನಿ ನ್ಯೂಮನ್ 1986ರಲ್ಲಿಯೇ ಡಾಕ್ಟರನ್ನು ಹೆಣ್ಣಾಗಿಸಿ ಎಂದು ಬಿಬಿಸಿಗೆ ಬರೆದಿದ್ದರು. 2014ರಲ್ಲಿ ಅದೇ ಕಥೆಯ ಖಳನಾಯಕ ಹೆಣ್ಣಾಗಿ ಮರಳಿಯೂ ಆಗಿತ್ತು. ಹೀಗಿರುವಾಗ 'ಇದು ಕಥೆಯ ನಿಯಮಕ್ಕೆ ವಿರುದ್ಧ' ಎಂಬ ಆಕ್ಷೇಪಕ್ಕೆ ಕಥೆಯೊಳಗೆ ನೆಲೆಯೇ ಇರಲಿಲ್ಲ. ಹಾಗಾದರೆ ಅಷ್ಟೊಂದು ಜನರಿಗೆ ಅದು ನಿಯಮಭಂಗದಂತೆ ಏಕೆ ಕಂಡಿತು? ಐವತ್ತು ವರ್ಷಗಳಲ್ಲಿ ಕಣ್ಣು ತಾನೇ ಒಂದು ವ್ಯಾಕರಣವನ್ನು ಕಟ್ಟಿಕೊಂಡಿತ್ತು. ಮೆದುಳು ವ್ಯಾಕರಣದ ತಪ್ಪಿಗೆ ಬೆಚ್ಚುವಂತೆಯೇ ರೂಢಿಯ ತಪ್ಪಿಗೂ ಬೆಚ್ಚುತ್ತದೆಂದು ಆಸ್ಟರ್‌ಹೌಟ್ ಅವರ ಪ್ರಯೋಗ ಹೇಳಿದ್ದು ಇದನ್ನೇ.

ಹಿಂದೆ ಐದನೆಯ ಡಾಕ್ಟರ್ ಆಗಿದ್ದ ಪೀಟರ್ ಡೇವಿಸನ್ ಹುಡುಗರಿಗೆ ಒಬ್ಬ ಆದರ್ಶ ಪುರುಷ ಇಲ್ಲವಾಗುತ್ತಾನೆಂದು ಕಳವಳ ವ್ಯಕ್ತಪಡಿಸಿದರು. ಆರನೆಯ ಡಾಕ್ಟರ್ ಆಗಿದ್ದ ಕಾಲಿನ್ ಬೇಕರ್ ಅದನ್ನು ಒಪ್ಪದೆ, ಹುಡುಗರಿಗೆ ಐವತ್ತು ವರ್ಷ ಆದರ್ಶ ಸಿಕ್ಕಿದೆಯಲ್ಲ ಎಂದರು. ಇದಕ್ಕೂ ಮೊದಲು 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಎಂಬ ಅಮೆರಿಕದ ಟಿವಿ ಧಾರಾವಾಹಿ 2003ರಲ್ಲಿ ಹೊಸದಾಗಿ ಬಂದಾಗ ಸ್ಟಾರ್‌ಬಕ್ ಎಂಬ ಪೈಲಟ್ ಪಾತ್ರ ನಟಿ ಕೇಟಿ ಸ್ಯಾಕಾಫ್ ಅವರ ಪಾಲಾಗಿತ್ತು, ಮತ್ತು 1978ರ ಮೂಲದಲ್ಲಿ ಅದನ್ನು ಮಾಡಿದ್ದ ಡರ್ಕ್ ಬೆನೆಡಿಕ್ಟ್ ಬಹಿರಂಗವಾಗಿಯೇ ವಿರೋಧಿಸಿದ್ದರು. ಆ ಧಾರಾವಾಹಿ 2009ರವರೆಗೆ ನಡೆಯಿತು. ಇಂದು ಅದನ್ನು ನೆನೆಯುವವರಿಗೆ ಸ್ಟಾರ್‌ಬಕ್ ಎಂದರೆ ಮೊದಲು ಕಣ್ಣ ಮುಂದೆ ಬರುವವರು ಸ್ಯಾಕಾಫ್.

ವಿಟೇಕರ್ ಅವರ ಮೊದಲ ಪೂರ್ಣ ಕಂತು 2018ರ ಅಕ್ಟೋಬರ್ 7ರಂದು ಪ್ರಸಾರವಾಯಿತು. ಏಳು ದಿನಗಳ ಲೆಕ್ಕ ಸೇರಿಸಿದರೆ ಬ್ರಿಟನ್ನಿನಲ್ಲಿ ಸುಮಾರು 1.1 ಕೋಟಿ ಜನ ಅದನ್ನು ನೋಡಿದರು. ಮುಂದಿನ ವರ್ಷಗಳಲ್ಲಿ ಆ ಸಂಖ್ಯೆ ಇಳಿಯಿತು. ಅದನ್ನು ಹಿಡಿದು 'ನೋಡಿ, ಹೆಣ್ಣು ಬಂದದ್ದರಿಂದಲೇ ಹೀಗಾಯಿತು' ಎನ್ನುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ನಟಿಯ ಜೊತೆಗೇ ಮುಖ್ಯ ಬರಹಗಾರರೂ ಬದಲಾದರು, ಪ್ರಸಾರದ ವಾರವೂ ಶನಿವಾರದಿಂದ ಭಾನುವಾರಕ್ಕೆ ಬದಲಾಯಿತು, ಜನ ಟಿವಿ ನೋಡುವ ರೀತಿಯೂ ಬದಲಾಗುತ್ತಿತ್ತು. ಗೊಬ್ಬರ, ಬೀಜ, ನೀರು ಮೂರನ್ನೂ ಒಂದೇ ವರ್ಷ ಬದಲಿಸಿದ ರೈತ ಇಳುವರಿ ಕಡಿಮೆಯಾದದ್ದಕ್ಕೆ ಬೀಜವೊಂದನ್ನೇ ದೂರಿದರೆ ಅವನ ಪಕ್ಕದ ಹೊಲದವನೂ ಒಪ್ಪುವುದಿಲ್ಲ.

ಇದು ದೂರದ ದೇಶದ ಕಥೆಯೆಂದು ಯಾರೂ ತಿಳಿಯಬಾರದು. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೆಂಗಸರೇ ಸೇರಿ ಆಡಿದ ಕುರುಕ್ಷೇತ್ರ ನಾಟಕಕ್ಕೆ ಹೋಗಿದ್ದೆ. ನಮ್ಮ ಜಿಲ್ಲೆಯಲ್ಲಿ ದುರ್ಯೋಧನನ ಪಾತ್ರಕ್ಕೆ ಗಂಡಸರು ಕೈಯಿಂದ ಹಣ ಹಾಕಿ, ತಿಂಗಳುಗಟ್ಟಲೆ ಮೇಷ್ಟ್ರ ಮುಂದೆ ಕುಳಿತು ಕಲಿಯುತ್ತಾರೆ; ಊರಿನಲ್ಲಿ ಅವರನ್ನು ಆಮೇಲೆ ಆ ಹೆಸರಿನಿಂದಲೇ ಕರೆಯುವುದೂ ಉಂಟು. ಸೀನರಿಯ ಪರದೆ ಸರಿದು, ಕಿರೀಟ ಗದೆಗಳೊಡನೆ ಆಕೆ ರಂಗಕ್ಕೆ ಬಂದಾಗ ನನ್ನ ಪಕ್ಕದ ಚಾಪೆಯಲ್ಲಿದ್ದ ಹಿರಿಯರು "ದುರ್ಯೋಧನ ಬಂದ್ಲು ನೋಡಪ್ಪ" ಎಂದರು. ಕೇಳಿದವರೆಲ್ಲ ನಕ್ಕರು. ಹಿರಿಯರ ಮಾತಿನಲ್ಲಿ ಕರ್ತೃವಿಗೂ ಕ್ರಿಯೆಗೂ ಹೊಂದಾಣಿಕೆ ತಪ್ಪಿತ್ತು. ಅವರ ತಲೆಯೊಳಗೆ ಏನು ನಡೆಯುತ್ತಿತ್ತೆಂಬುದನ್ನು ವ್ಯಾಕರಣದ ಆ ಒಡಕೇ ತೋರಿಸುತ್ತಿತ್ತು.

ಅದೇ ಹಿರಿಯರು ಕೋಲಾರದಲ್ಲೋ ಮಾಲೂರಿನಲ್ಲೋ ಕರಗ ನೋಡಿದ್ದರೆ, ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಡಿದು ದ್ರೌಪದಿಯ ಕರಗವನ್ನು ತಲೆಯ ಮೇಲೆ ಹೊತ್ತು ಬರುವ ಗಂಡಸಿಗೆ ಕೈ ಮುಗಿದಿರುತ್ತಾರೆ, ನಗುವುದಿಲ್ಲ. ಮೋಹಿನಿ ಅಲಂಕಾರದ ವಿಷ್ಣುವಿನ ಮುಂದೆ ನಿಂತಾಗಲೂ ಅವರಿಗೆ ಏನೂ ಅನ್ನಿಸಿರುವುದಿಲ್ಲ. ವಿರಾಟನ ಅರಮನೆಯ ಬೃಹನ್ನಳೆಯನ್ನು ಬಾಲ್ಯದಿಂದ ಬಲ್ಲರು. ಟಿವಿಯ ಬಾಲಕೃಷ್ಣನ ಪಾತ್ರವನ್ನು ಪುಟ್ಟ ಹುಡುಗಿಯರು ಮಾಡಿದಾಗ ಮನೆಮನೆಯಲ್ಲಿ ದೃಷ್ಟಿ ತೆಗೆದದ್ದೇ ಹೊರತು ಯಾರೂ ಪ್ರತಿಭಟಿಸಲಿಲ್ಲ. ಆದ್ದರಿಂದ 'ಗಂಡಿನ ಪಾತ್ರ ಹೆಣ್ಣಿಗೆ ಪ್ರಕೃತಿಸಹಜವಲ್ಲ' ಎಂಬ ಮಾತು ವಿಜ್ಞಾನದ ಕಡೆಯಿಂದ ನಿಲ್ಲುವುದಿಲ್ಲ. ಕಣ್ಣು ಯಾವುದನ್ನು ಎಷ್ಟು ಸಲ ನೋಡಿದೆ ಎಂಬುದೊಂದೇ ಇಲ್ಲಿ ಮುಖ್ಯವಾದ ಲೆಕ್ಕ. ಈ ಗುಬ್ಬಿಯ ನೆಲದಲ್ಲಿಯೇ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾದ ನಾಟಕ ಕಂಪನಿಯ ಕಾಲಕ್ಕೆ ರೂಢಿ ಇದಕ್ಕೆ ತೀರ ತಿರುವುಮುರುವಾಗಿತ್ತು: ದ್ರೌಪದಿಯನ್ನೂ ಸೀತೆಯನ್ನೂ ಗಂಡಸರೇ ಮಾಡುತ್ತಿದ್ದರು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದದ್ದು ಆ ದಿನಗಳ ಕೆಂಪು ಇಸ್ಪೇಟ್ ಎಲೆ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸ, ರಾವಣ, ಭೀಮ ಮೊದಲಾದ ಪಾತ್ರಗಳನ್ನು ತಾವೇ ಧರಿಸಿ, 2012ರಲ್ಲಿ ಪದ್ಮಶ್ರೀ ಪಡೆದರು. ಅವರ ಭೀಮನನ್ನು ನೋಡಿದ ಪ್ರೇಕ್ಷಕರ ಮೆದುಳೇನೂ ಬೇರೆ ಮಣ್ಣಿನಿಂದ ಆದದ್ದಲ್ಲ.

ಧ್ವನಿಯ ಮಾತನ್ನೂ ಆಡಿಬಿಡುತ್ತೇನೆ, ಏಕೆಂದರೆ ಆಕ್ಷೇಪಿಸುವವರು ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಮಾತನಾಡುವಾಗ ಗಂಡಸಿನ ಧ್ವನಿಯ ಮೂಲ ಕಂಪನ ಸುಮಾರು 120 ಹರ್ಟ್ಸ್, ಹೆಂಗಸಿನದು ಸುಮಾರು 210, ವ್ಯತ್ಯಾಸ ನಿಜ. ಆದರೆ ನಮ್ಮ ಪೌರಾಣಿಕ ನಾಟಕದ ಗಂಡು ಧ್ವನಿ ಮಾತಿನ ಧ್ವನಿಯಲ್ಲ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಪದ್ಯ ತಲುಪಬೇಕಿತ್ತು, ಮನುಷ್ಯನ ಕಿವಿ ಅತಿ ಚುರುಕಾಗಿ ಕೇಳುವುದು 2000ದಿಂದ 5000 ಹರ್ಟ್ಸ್ ನಡುವೆ. ಎತ್ತರದ ಶ್ರುತಿಯಲ್ಲಿ ಗಂಟಲು ಬಿಟ್ಟು ಹಾಡಿದಾಗ ಧ್ವನಿಯ ಶಕ್ತಿ ಆ ಕಡೆಗೆ ಹೆಚ್ಚು ಸರಿಯುತ್ತದೆ. ಹೀಗಾಗಿ ನಮ್ಮ ದುರ್ಯೋಧನರು ತಲೆಮಾರುಗಳಿಂದ ಹೆಣ್ಣಿನ ಕಂಠಕ್ಕೆ ಸಲೀಸಾದ ಎತ್ತರದಲ್ಲಿಯೇ ಹಾಡುತ್ತ ಬಂದಿದ್ದಾರೆ.

ಪದೇ ಪದೇ ನೋಡಿದರೆ ಎಲ್ಲವೂ ಇಷ್ಟವಾಗುತ್ತದೆಯೇ? ಇಲ್ಲ, ಮತ್ತು ಇಲ್ಲಿ ಎಚ್ಚರ ಬೇಕು. 1968ರಲ್ಲಿ ರಾಬರ್ಟ್ ಝಾಯನ್ಸ್ ಅರ್ಥವಿಲ್ಲದ ಪದಗಳನ್ನೂ ಚೀನೀ ಲಿಪಿಯಂಥ ಚಿಹ್ನೆಗಳನ್ನೂ ಅಪರಿಚಿತರ ಫೋಟೋಗಳನ್ನೂ ಬೇರೆ ಬೇರೆ ಸಲ, ಹೆಚ್ಚೆಂದರೆ 25 ಸಲ, ತೋರಿಸಿ, ಹೆಚ್ಚು ಸಲ ಕಂಡದ್ದು ಹೆಚ್ಚು ಹಿಡಿಸುತ್ತದೆಂದು ತೋರಿಸಿದರು. ಆದರೆ ಅವು ಯಾರಿಗೂ ಮೊದಲಿನಿಂದ ಬೇಡವಾಗಿರಲಿಲ್ಲ. ಆರಂಭದಲ್ಲಿಯೇ ಅಸಹ್ಯವೆಂದು ಗಟ್ಟಿಯಾಗಿ ತೀರ್ಮಾನಿಸಿದ ವಸ್ತುವನ್ನು ಮತ್ತೆ ಮತ್ತೆ ತೋರಿಸಿದರೆ ಅಸಹ್ಯವೇ ಬಲಿಯಬಹುದು. ಅರ್ಧ ಸೆಕೆಂಡಿನ ಬೆಚ್ಚುವಿಕೆ ಯಾರ ಅಪರಾಧವೂ ಅಲ್ಲ. ಆ ಬೆಚ್ಚುವಿಕೆಯನ್ನು ಹಿಡಿದುಕೊಂಡು, ಅದಕ್ಕೆ ಪರಂಪರೆ, ಪ್ರಕೃತಿ, ಶಾಸ್ತ್ರ ಎಂದೆಲ್ಲ ಹೆಸರಿಟ್ಟು, ಒಂದೂ ಕಂತು ನೋಡುವ ಮೊದಲೇ ನಟಿಯ ಮೇಲೆ ತಿಂಗಳುಗಟ್ಟಲೆ ಕೆಸರೆರಚುವುದು ಮೆದುಳಿನ ಅಲೆಯ ಕೆಲಸವಲ್ಲ, ಮನುಷ್ಯರು ತಿಳಿದೂ ಮಾಡುವ ಕೆಲಸ. ಅದಕ್ಕೆ ನರವಿಜ್ಞಾನವನ್ನು ಸಾಕ್ಷಿಗೆ ಕರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್ನೊಂದು ಬದಿಯಲ್ಲಿ, ಮೊದಲ ದಿನ 'ಏನೋ ಸರಿಬರಲಿಲ್ಲ' ಎಂದವರನ್ನೆಲ್ಲ ಸ್ತ್ರೀದ್ವೇಷಿಗಳೆಂದು ಕರೆಯುವುದೂ ತಪ್ಪು. ಹಾಗೆ ಕರೆಸಿಕೊಂಡವನು ತನ್ನ ಬೆಚ್ಚುವಿಕೆಯನ್ನು ಒಂದು ನಿಲುವಾಗಿ ಗಟ್ಟಿಮಾಡಿಕೊಳ್ಳುತ್ತಾನೆ.

ಆ ರಾತ್ರಿ ಹಳ್ಳಿಯಲ್ಲಿ ನಾಟಕ ಬೆಳಗಿನ ಜಾವದವರೆಗೆ ನಡೆಯಿತು. ಚಳಿಗೆ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರು ನಡುವೆ ಒಂದು ನಿದ್ದೆ ತೆಗೆದು, ದುರ್ಯೋಧನ ವೈಶಂಪಾಯನ ಸರೋವರದಿಂದ ಮೇಲೇಳುವ ಹೊತ್ತಿಗೆ ಎದ್ದು ಕುಳಿತಿದ್ದರು. ಭೀಮನ ಮೂದಲಿಕೆಗೆ ಉತ್ತರವಾಗಿ ಆಕೆ ಕಂದವೊಂದನ್ನು ಎತ್ತಿ, ಕೊನೆಯ ಸಾಲನ್ನು ಬಹಳ ಹೊತ್ತು ಎಳೆದು ನಿಲ್ಲಿಸಿದಾಗ ಜನ ಶಿಳ್ಳೆ ಹಾಕಿ ಒನ್ಸ್ ಮೋರ್ ಕೂಗಿದರು. ಹಿರಿಯರು ಮಾತ್ರ ತಲೆಯಾಡಿಸಿ ನನ್ನ ಕಡೆ ತಿರುಗಿ, "ಎದ್ದು ಬಂದದ್ದೇನೋ ಚೆನ್ನಾಗ್ ಬಂದ, ಆದ್ರೆ ಕಡೇ ಸಾಲ್ನ ಹಂಗ್ ಎಳೀಬಾರ್ದಿತ್ತು, ತಾಳ ತಪ್ತು. ಮೇಷ್ಟ್ರು ಸರಿಯಾಗಿ ತಿದ್ದಿಲ್ಲ ಇವನ್ನ" ಎಂದರು.